ಕ್ಯಾಪ್ಟನ್ ಎಡತೊಡೆ

ಜೂನ್ 3, ಬೆಳಿಗ್ಗೆ 5.40

ಹದಿನಾಲ್ಕು ಬಾಟಲಿ ತುಂಬಿದ್ದಾಯಿತು. ಟವೆಲ್ ಇನ್ನೂ ಒಣಗಿಲ್ಲ — ಈ ಲಾಡ್ಜಿನ ಬಾಲ್ಕನಿಗೆ ಬಿಸಿಲೇ ಇಲ್ಲ. ಮೆಕ್ಯಾನಿಕ್‌ಗೆ ಜ್ವರ, ಅವನ ಅರ್ಧ ಕೆಲಸ ನನ್ನ ತಲೆಗೆ. ಸೈಕಲ್ ರೇಸಿನ ಎರಡು ದಿನ ಬಯಲಲ್ಲಿ ಮುಗಿಯಿತು. ಇನ್ನು ಏಳು ದಿನ ಬರೀ ಬೆಟ್ಟ.

ಯಾರು ಗೆಲ್ಲಬಹುದು ಅಂತ ಪೇಪರಿನವರು ಅಂಕ ಕೊಟ್ಟಿದ್ದಾರೆ. ಕೊಕ್ಕರೆಗೆ ಹತ್ತಕ್ಕೆ ಐದು — ಎದುರು ಟೀಮಿನ ಆ ಉದ್ದ ಕಾಲಿನವನಿಗೆ. ನಮ್ಮ ಕ್ಯಾಪ್ಟನ್‌ಗೆ ನಾಲ್ಕು. ಮಾತೇ ಆಡದ ನಮ್ಮ ಹುಡುಗ ಮೌನಿಗೆ ಒಂದೇ ಒಂದು. ಅವರು ಕಣ್ಣಲ್ಲಿ ನೋಡಿ ಬರೆಯುತ್ತಾರೆ. ನಾನು ದಿನಾ ಸಂಜೆ ಮಸಾಜ್ ಟೇಬಲ್ ಮೇಲೆ ಹೆಬ್ಬೆರಳಲ್ಲಿ ನೋಡುತ್ತೇನೆ. ಮೌನಿಗೆ ಒಂದು ಕೊಟ್ಟವನು ಆ ಕಾಲು ಮುಟ್ಟಿ ನೋಡಿಲ್ಲ.

ಸಂಜೆ 6

ಕ್ಯಾಪ್ಟನ್ ಎಡತೊಡೆಯ ಹಿಂಭಾಗ. ಬೆರಳು ಒಂದು ಕಡೆ ಒಳಕ್ಕೆ ಹೋಯಿತು, ಹೋಗಬಾರದ ಕಡೆ. ಸ್ನಾಯು ಸ್ವಲ್ಪ ಹರಿದಿದೆ. ಇನ್ನೊಮ್ಮೆ ಒತ್ತಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಮ್ಯಾನೇಜರ್‌ಗೆ ಹೇಳ್ಬೇಡಿ ಅಕ್ಕ."

"ಹೇಳದೆ ಹೇಗಿರ್ಲಿ?"

"ಮೂವತ್ತೇಳು ನನಗೆ. ಇದು ಬಿಟ್ರೆ ಇನ್ನೊಂದಿಲ್ಲ. ನೀವು ಮನಸ್ಸು ಮಾಡಿದ್ರೆ ಇನ್ನು ಆರು ದಿನ ಎಳೀಬಹುದು."

ಎರಡು ವರ್ಷದ ಹಿಂದೆ ನನ್ನನ್ನು ಟೀಮಿನವರು ಕೆಲಸದಿಂದ ತೆಗೆಯುತ್ತೇವೆ ಅಂದಾಗ, ಅಕ್ಕ ಹೋದರೆ ನಾನೂ ಹೋಗುತ್ತೇನೆ ಅಂದಿದ್ದ ಮನುಷ್ಯ. ಸರಿ ಅಂದೆ. ಆದರೆ ಆ ಹಂಗೊಂದೇ ಅಲ್ಲ. ನನ್ನ ಕೈಗೆ ಆಗುತ್ತದೆ ಅಂತ ಅನಿಸಿತ್ತು. ಆ ಜಂಬವೂ ಇತ್ತು. ಈ ಡೈರಿಯಲ್ಲಾದರೂ ನಿಜ ಬರೆಯಬೇಕು.

ಜೂನ್ 4, ಸಂಜೆ 7

ಇವತ್ತು ಹಾಗೂ ಹೀಗೂ ದಾಟಿತು. ಕ್ಯಾಪ್ಟನ್, ಕೊಕ್ಕರೆ ಒಂದೇ ಟೈಮಿಂಗ್. ಮೌನಿ ಹತ್ತು ಸೆಕೆಂಡ್ ಹಿಂದೆ, ಅದೂ ಬಾಟಲಿ ತರಲು ಹಿಂದೆ ಬರುವ ನಮ್ಮ ಟೀಮ್ ಕಾರಿನ ತನಕ ಬಂದು ಹೋಗಿ.

ಊಟಕ್ಕೆ ಕುಳಿತಾಗ ಮ್ಯಾನೇಜರ್ ಕೇಳಿದರು. "ಕ್ಯಾಪ್ಟನ್ ಕಾಲು ಹೇಗಿದೆ?"

"ಚೆನ್ನಾಗಿದೆ."

ಅಷ್ಟು ಸಲೀಸಾಗಿ ಬಂತು ಬಾಯಿಗೆ. ಎದುರಿಗೆ ಮೌನಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾಳೆಯ ಆರ್ಡರ್: ದೊಡ್ಡ ಬೆಟ್ಟದಲ್ಲಿ ಮೌನಿ, ಕ್ಯಾಪ್ಟನ್ ಜೊತೆಗಿದ್ದು, ಗಾಳಿಗೆ ಅಡ್ಡವಾಗಿ ಮುಂದೆ ತುಳಿಯುತ್ತಾ ಅವರನ್ನು ಎಳೆಯಬೇಕು. "ಆಯ್ತು ಸರ್" ಅಂದ.

ಜೂನ್ 5

ಟೈಮ್ ನೋಡಿಲ್ಲ. ಕೈ ತೊಳೆದೇ ತೊಳೆದೆ.

ಮೆಕ್ಯಾನಿಕ್ ಜಾಗದಲ್ಲಿ ಇವತ್ತು ಕಾರಿನ ಹಿಂದಿನ ಸೀಟಲ್ಲಿ ನಾನು. ತುದಿಗೆ ಆರು ಕಿಲೋಮೀಟರ್ ಇದ್ದಾಗ ಕೊಕ್ಕರೆ ಎದ್ದು ತುಳಿದ. ಯಾರೂ ಹೋಗಲಿಲ್ಲ. ಮೌನಿ ಒಬ್ಬ ಹೋದ — ಕುಳಿತುಕೊಂಡೇ, ಬಾಯಿ ಮುಚ್ಚಿಕೊಂಡೇ. ಎರಡು ತಿರುವಿನಲ್ಲಿ ಅವನ ಬೆನ್ನಿಗೆ ಅಂಟಿಕೊಂಡ. ಕ್ಯಾಪ್ಟನ್ ಹಿಂದೆ ಬಿದ್ದರು.

ಮ್ಯಾನೇಜರ್ ರೇಡಿಯೋ ಎತ್ತಿಕೊಂಡರು. "ನಿಲ್ಲು. ಕ್ಯಾಪ್ಟನ್ ಬರೋ ತನಕ ಕಾಯ್ಕೊಂಡಿರು."

ಮೌನಿ ದನಿ ಬಂತು. "ಖಂಡಿತಾನಾ ಸರ್? ನನ್ನ ಕಾಲಲ್ಲಿ ಕಸುವಿದೆ ಇವತ್ತು."

ಮೂರು ವರ್ಷದಲ್ಲಿ ಅವನು ತನಗಾಗಿ ಕೇಳಿದ್ದು ಅದೊಂದೇ. ಮ್ಯಾನೇಜರ್‌ಗೂ ಅನುಮಾನ ಬಂತು. ಹಿಂದೆ ತಿರುಗಿ ನನ್ನ ಮುಖ ನೋಡಿದರು.

"ಕ್ಯಾಪ್ಟನ್ ಕಾಲು ಸರಿ ಇದೆ ತಾನೆ? ಸುಧಾರಿಸ್ಕೊಂಡು ಬರ್ತಾರಾ?"

"ಹ್ಞೂಂ" ಅಂದೆ.

ಮೌನಿ ನಿಂತ. ರಸ್ತೆ ಬದಿಗೆ ಒಂದು ಕಾಲೂರಿ, ಮೇಲೆ ಹೋಗುತ್ತಿದ್ದ ಕೊಕ್ಕರೆಯನ್ನು ನೋಡುತ್ತಾ ನಿಂತಿದ್ದ. ಕ್ಯಾಪ್ಟನ್ ಬಂದಾಗ ಒಂದೇ ಕಾಲಲ್ಲಿ ತುಳಿಯುತ್ತಿದ್ದರು. ಅವರ ಬೆನ್ನಿಗೆ ಕೈಕೊಟ್ಟು ತುದಿ ತನಕ ತಳ್ಳಿಕೊಂಡು ಹೋದ.

ನಾಲ್ಕು ನಿಮಿಷ ಹತ್ತು ಸೆಕೆಂಡ್ ಹೋಯಿತು. ಇಬ್ಬರದೂ.

ಜೂನ್ 6

ಕ್ಯಾಪ್ಟನ್ ರೇಸ್ ಬಿಟ್ಟರು. ನೋವು ನಿನ್ನೆ ಏರಿನಲ್ಲೇ ಶುರುವಾಯಿತು ಅಂತ ಮ್ಯಾನೇಜರ್‌ಗೆ ಹೇಳಿದರು. ನನ್ನ ಕಡೆ ನೋಡಲಿಲ್ಲ.

ಟವೆಲ್ ಒಗೆದೆ.

ಜೂನ್ 7, ಸಂಜೆ 5

ಮೌನಿ ಒಬ್ಬನೇ ಹೋಗಿ ಇವತ್ತಿನ ಸ್ಟೇಜ್ ಗೆದ್ದ. ಕೊಕ್ಕರೆಯಿಂದ ಎರಡು ನಿಮಿಷ ಕಿತ್ತುಕೊಂಡ. ನಾಳೆ ಪೇಪರಿನವರು ಅಂಕ ತಿದ್ದಬೇಕು.

ಟೇಬಲ್ ಮೇಲೆ ಬೋರಲು ಮಲಗಿದ್ದ. ಮೀನಖಂಡ ಕಲ್ಲಿನ ಹಾಗಿತ್ತು.

"ಅಕ್ಕ, ಒಂದ್ ಕೇಳ್ಲಾ?"

"ಕೇಳು."

"ಕ್ಯಾಪ್ಟನ್ ಕಾಲು… ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲಪ್ಪ."

ಕೈ ಕೆಳಗೆ ಆ ಕಾಲು ಸಡಿಲವಾಯಿತು. ನಂಬಿಬಿಟ್ಟ. "ಹಾಗಿದ್ರೆ ಯಾರ ತಪ್ಪೂ ಅಲ್ಲ ಬಿಡಿ" ಅಂದು ಹಾಗೇ ನಿದ್ದೆ ಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಿದ್ದೆ ನೋಡಲಾಗಲಿಲ್ಲ. ಒತ್ತುವುದನ್ನು ನಿಲ್ಲಿಸದೆ ಗೋಡೆಯ ಸ್ವಿಚ್‌ಬೋರ್ಡ್ ನೋಡುತ್ತಾ ನಿಂತೆ.

ಜೂನ್ 9, ಮಧ್ಯಾಹ್ನ 3

ಮುಗಿಯಿತು. ಕೊಕ್ಕರೆ ಮೊದಲು, ಮೌನಿ ಎರಡನೆಯವನು. ನಿನ್ನೆ, ಇವತ್ತು ಮೌನಿ ಇನ್ನಷ್ಟು ಕಿತ್ತುಕೊಂಡ ಮೇಲೂ ಉಳಿದ ಒಟ್ಟು ಅಂತರ ಮೂವತ್ತೆಂಟು ಸೆಕೆಂಡ್.

ಅವತ್ತು ಬೆಟ್ಟದಲ್ಲಿ ನಿಂತು ಕಳೆದುಕೊಂಡಿದ್ದು ನಾಲ್ಕು ನಿಮಿಷ ಹತ್ತು. ಇದಕ್ಕೆ ಲೆಕ್ಕದ ಮೇಷ್ಟ್ರು ಬೇಕಾಗಿಲ್ಲ.

ವೇದಿಕೆ ಇಳಿದು ಬಂದ ಕೊಕ್ಕರೆ, ನಾನು ಮೌನಿಗೆ ಜಾಕೆಟ್ ಕೊಡುತ್ತಿದ್ದಾಗ ಪಕ್ಕದಲ್ಲೇ ನಿಂತ. ಒಳ್ಳೆಯ ಹುಡುಗ, ಮುಖದಲ್ಲಿ ಗೆದ್ದ ಹಮ್ಮು ಇರಲಿಲ್ಲ.

"ಅವತ್ತು ಯಾಕಪ್ಪ ನಿಂತೆ? ನಂಗೆ ಉಸಿರೇ ಸಿಗ್ತಿರ್ಲಿಲ್ಲ. ಇನ್ನೊಂದು ತಿರುವು ಬಂದಿದ್ರೆ ನಾನೇ ಕೈಚೆಲ್ತಿದ್ದೆ."

"ಆರ್ಡರ್ ಇತ್ತು" ಅಂದ ಮೌನಿ. ಜಾಕೆಟ್ಟಿನ ಜಿಪ್ ಅವನಿಗೆ ಸಿಗಲಿಲ್ಲ. ಮೂರು ಸಲ ಪ್ರಯತ್ನಿಸಿದ. ನಾನು ಹಾಕಿಕೊಟ್ಟೆ.

ಜೂನ್ 17, ಸಂಜೆ

ಎಂಟು ದಿನ ಇದನ್ನು ತೆರೆಯಲಿಲ್ಲ. ಊಟ ಸೇರುವುದಿಲ್ಲ. ಮನೆಯವರು ಏನಾಯ್ತು ಅಂದರೆ ಆಯಾಸ ಅನ್ನುತ್ತೇನೆ.

ಇವತ್ತು ಎರಡು ಬಸ್ ಬದಲಿಸಿ ಮೌನಿ ಮನೆಗೆ ಹೋದೆ. ಟೈಲರಿಂಗ್ ಅಂಗಡಿಯ ಮೇಲಿನ ಎರಡು ರೂಮು. ಬಾಗಿಲು ತೆರೆದವರು ಅವನ ತಾಯಿ, ಕುತ್ತಿಗೆಯಲ್ಲಿ ಅಳತೆ ಟೇಪು. "ನೀವೇನಾ ಅಕ್ಕ? ನನ್ನ ಮಗನ ಕಾಲು ಕಾಪಾಡಿದ್ದು ಈ ಕೈಯೇ ಅಂತೆ" ಅಂತ ಎರಡೂ ಕೈ ಹಿಡಿದುಕೊಂಡರು. ಬಿಡಿಸಿಕೊಳ್ಳಲಾಗದೆ, ಅವರೆದುರಿಗೇ, ಒಳಗಿನಿಂದ ಬಂದ ಮೌನಿಗೆ ನಿಂತಲ್ಲೇ ಹೇಳಿಬಿಟ್ಟೆ. ಎರಡು ದಿನ ಮೊದಲೇ ಗೊತ್ತಿತ್ತು. ಕಾರಿನಲ್ಲಿ ಮ್ಯಾನೇಜರ್ ಹಿಂದೆ ತಿರುಗಿ ಕೇಳಿದಾಗ ಸುಳ್ಳು ಹೇಳಿದೆ. ನಿನಗೂ ಹೇಳಿದೆ.

ತಾಯಿ ಕೈ ಬಿಟ್ಟರು. ಕೆಳಗೆ ಹೊಲಿಗೆ ಮಿಷನ್ ಓಡುತ್ತಿತ್ತು.

ಮೌನಿ ಕೇಳಿದ. "ಅವರು ಹಿಂದೆ ತಿರುಗಿ ಕೇಳಿದಾಗ ಎಷ್ಟು ಹೊತ್ತು ಯೋಚಿಸಿದ್ರಿ?"

"ಯೋಚಿಸ್ಲಿಲ್ಲ."

"ಹ್ಞೂಂ."

ಬಸ್‌ಸ್ಟಾಪ್ ತನಕ ಬಂದ. ಬಸ್ ಬಂದಾಗ ಹೇಳಿದ, ನೆಲ ನೋಡಿಕೊಂಡು. "ಇನ್ಮೇಲೆ ನನ್ನ ಕಾಲು ನೀವು ಮುಟ್ಬೇಡಿ. ಮ್ಯಾನೇಜರ್‌ಗೂ ಹೇಳಿ. ಅವರು ಇನ್ನೂ ತಮ್ಮದೇ ತಪ್ಪು ಅನ್ಕೊಂಡಿದಾರೆ."

ಅದು ನನಗೆ ಹೊಳೆದೇ ಇರಲಿಲ್ಲ.

ಜೂನ್ 19, ಬೆಳಿಗ್ಗೆ 10.20

ಆಫೀಸಿನ ಹೊರಗಿನ ಬೆಂಚು. ಒಳಗೆ ಯಾರೋ ಇದ್ದಾರೆ, ಕಾಯಿರಿ ಅಂದರು. ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕೆಲಸ ಹೋಗುತ್ತದೆ. ಹೋಗಲಿ. ಕ್ಯಾಪ್ಟನ್‌ಗೆ ಕೊಟ್ಟ ಮಾತೂ ಹೋಗುತ್ತದೆ. ನಿನ್ನೆ ಫೋನ್ ಮಾಡಿ ಅವರಿಗೆ ಮೊದಲೇ ತಿಳಿಸೋಣ ಅಂತಿದ್ದೆ, ಧೈರ್ಯ ಬರಲಿಲ್ಲ.

ಒಳಗಿನ ನಗು ಈಗ ಗುರುತಾಯಿತು. ಅವರೇ. ರಿಟೈರ್ಮೆಂಟ್ ಮಾತಿಗೆ ಬಂದಿರಬೇಕು. ಎದ್ದು ಹೋಗಿ ನಾಳೆ ಬರಬಹುದು. ಹೊರಗೆ ಹೋಗುವ ಬಾಗಿಲು ಹತ್ತು ಹೆಜ್ಜೆ.

ಇಲ್ಲ. ಕೂತಿದ್ದೇನೆ.

ಬಾಗಿಲು ತೆರೆಯಿತು. "ಬನ್ನಿ ಅಕ್ಕ, ಒಳ್ಳೇ ಹೊತ್ತಿಗೆ ಬಂದ್ರಿ, ಕ್ಯಾಪ್ಟನ್ನೂ ಇದಾರೆ" ಅಂತ ಮ್ಯಾನೇಜರ್ ಕರೆಯುತ್ತಿದ್ದಾರೆ. ಇಬ್ಬರೆದುರಿಗೇ ಹೇಳುತ್ತೇನೆ.