ಕೆಂಪು ಉಣ್ಣೆ

ಬುಧವಾರ, ಮಧ್ಯಾಹ್ನ

ನನ್ನ ಮೇಲೆ ಕೆಂಡ ಕಾರುತ್ತಿರುವ ಪೈಲಟ್ ಸಾಹೇಬರಿಗೆ,

ಕ್ಷೇಮ ಅಂತ ಬರೆಯುವುದು ರೂಢಿ. ನನಗೆ ಏನೂ ಅನ್ನಿಸುತ್ತಿಲ್ಲ. ಅದನ್ನೇ ಕ್ಷೇಮ ಅಂದುಕೋ.

ನಿನ್ನೆ ಫೋನಿನಲ್ಲಿ ನೀನು ಕೂಗಾಡಿದ್ದನ್ನು ಪೂರ್ತಿ ಕೇಳಿಸಿಕೊಂಡೆ. ಸಿಟ್ಟಿದ್ದರೆ ನನ್ನನ್ನು ಬೈ, ನನ್ನ ಹಾರಾಟಕ್ಕೆ ಯಾಕೆ ಕಲ್ಲು ಹಾಕ್ತೀಯ ಅಂದೆ ನೀನು. ಈ ವಿಮಾನ ಹಾರಿಸಿದ ಮೇಲೆ ಮನೆಗೆ ಬರ್ತೀನಿ ಅಂತಿದ್ದವನು, ಇನ್ನು ಬರೋದೇ ಇಲ್ಲ ಅಂದೆ. ನಾನು ಸರಿ ಅಂದು ಫೋನಿಟ್ಟು ಸಾರಿಗೆ ಉಪ್ಪು ಹಾಕಿದೆ. ಆಮೇಲೆ ಇನ್ನೊಂದು ಸಲ ಹಾಕಿದೆ.

ಇದನ್ನು ನಿನಗೆ ಹೇಳುವ ಹಾಗಿಲ್ಲ. ಆದರೆ ಇವತ್ತು ಬೆಳಿಗ್ಗೆ ನನ್ನನ್ನು ಯೋಜನೆಯಿಂದಲೇ ತೆಗೆದರು, ಇನ್ನೇನು ಕಿತ್ತುಕೊಳ್ಳುತ್ತಾರೆ? ರೆಕ್ಕೆಯ ವಿನ್ಯಾಸ ನಮ್ಮ ವಿಶ್ವವಿದ್ಯಾಲಯದ್ದು, ವಿಮಾನ ನಿಮ್ಮ ಸೇನೆಯದು. ಕಂಪ್ಯೂಟರ್ ಎಲ್ಲ ಸರಿಯಿದೆ ಅಂದಿತ್ತು. ನನಗೆ ಸಮಾಧಾನವಾಗಲಿಲ್ಲ. ಮಾದರಿ ರೆಕ್ಕೆಯ ಮೇಲೆ ಉಣ್ಣೆ ದಾರದ ತುಂಡುಗಳನ್ನು ಸಾಲಾಗಿ ಅಂಟಿಸಿ, ಗಾಳಿ ಸುರಂಗದಲ್ಲಿಟ್ಟು ಗಾಳಿ ಬಿಟ್ಟೆ. ಗಾಳಿ ನೆಟ್ಟಗೆ ಹರಿದರೆ ದಾರಗಳು ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ಮಲಗುತ್ತವೆ. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಿದ್ದೇ ತಡ, ತುದಿಯ ದಾರಗಳೆಲ್ಲ ಒದ್ದಾಡಿ ಮುಂದಕ್ಕೆ ತಿರುಗಿದವು. ಇಳಿಯುವಾಗ ನೀನು ವಿಮಾನದ ಮೂತಿ ಎತ್ತುತ್ತೀಯಲ್ಲ, ಅದೇ ಓರೆ. ಅಲ್ಲಿ ಗಾಳಿ ರೆಕ್ಕೆಯನ್ನು ಕೈಬಿಡುತ್ತದೆ, ವಿಮಾನ ಮಗುಚುತ್ತದೆ. ನೆಲ ಅಷ್ಟು ಹತ್ತಿರವಿರುವಾಗ ನೀನು ಎಷ್ಟೇ ಚಾಲಾಕಿಯಾದರೂ ಏನೂ ಮಾಡಲಾರೆ. ಮೊನ್ನೆ ಅದನ್ನೇ ವರದಿ ಬರೆದು ಕೊಟ್ಟೆ.

ಇವತ್ತಿನ ಸಭೆಯಲ್ಲಿ ಸೇನೆಯ ಸಾಹೇಬರು ನಕ್ಕರು. ಇಷ್ಟು ದೊಡ್ಡ ಕಂಪ್ಯೂಟರನ್ನು ಬಿಟ್ಟು ಉಣ್ಣೆಯನ್ನು ನಂಬಬೇಕಾ ಅಂದರು. ಹಾರಿಸುವವರು ನಿಮ್ಮ ಯಜಮಾನರಂತೆ, ಹೆದರಿಕೆ ಸಹಜ, ವರದಿ ವಾಪಸ್ ತಗೊಳ್ಳಿ ಅಂದರು. ನಮ್ಮ ವಿಭಾಗದ ಪ್ರೊಫೆಸರು ಯಾಕಮ್ಮ ಹಟ, ಸುರಂಗ ನಡೆಯೋದೇ ಅವರ ದುಡ್ಡಲ್ಲಿ ಅಂತ ನನ್ನ ಕಿವಿಯ ಹತ್ತಿರ ಹೇಳಿದರು. ಹೆದರಿಕೆ ನಿಜ ಸಾರ್, ಆದರೆ ದಾರಕ್ಕೆ ನನ್ನ ಗಂಡ ಯಾರು ಅಂತ ಗೊತ್ತಿಲ್ಲ ಅಂದೆ. ಬೇಕಾದರೆ ಬೇರೆಯವರಿಂದ ಪರೀಕ್ಷೆ ಮಾಡಿಸಿ ಅಂದು ಸುರಂಗದ ಬೀಗದ ಕೈ ಮೇಜಿನ ಮೇಲಿಟ್ಟೆ. ವರದಿ ವಾಪಸ್ ತಗೊಳ್ಳಲಿಲ್ಲ ಅಂತ ನನ್ನನ್ನು ತೆಗೆದರು. ಇನ್ನೊಂದು ಪ್ರಯೋಗಾಲಯ ಪರೀಕ್ಷೆ ಮಾಡುವವರೆಗೂ ಹಾರಾಟವಿಲ್ಲ ಅಂತ ತೀರ್ಮಾನವಾಯಿತು.

ಗಂಡನ ರೆಕ್ಕೆ ಕತ್ತರಿಸಿದವಳು ಅಂತ ಕ್ಯಾಂಟೀನಿನಲ್ಲಿ ಆಗಲೇ ಮಾತು. ಅತ್ತೆಯೂ ಫೋನ್ ಮಾಡಿ ಅದನ್ನೇ ಅಂದರು, ಅಳುತ್ತಾ. ನನಗೆ ಅಳು ಬರಲಿಲ್ಲ.

ಮನೆಗೆ ಬರಬೇಡ, ಮಾತಾಡಬೇಡ. ಎಲ್ಲೋ ಒಂದು ಕಡೆ ಬದುಕಿದ್ದು ನನ್ನನ್ನು ಬೈದುಕೊಂಡಿರು. ನನಗೆ ಅಷ್ಟು ಸಾಕು.

ಇನ್ನೂ ನಿನ್ನವಳೇ,
ಗಾಳಿಯಮ್ಮ
(ಈ ಹೆಸರಿಟ್ಟವನು ನೀನೇ)

ಮರೆತಿದ್ದೆ: ಸಭೆಯಲ್ಲಿ ಏನೇನೋ ಕೇಳಿದರು, ಆ ಉಣ್ಣೆ ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಲಿಲ್ಲ. ಪ್ರಯೋಗಾಲಯದ ಬಿಳಿ ದಾರ ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. ನೀನು ಬಿಟ್ಟುಹೋದ ಕೆಂಪು ಸ್ವೆಟರಿನ ಎಡತೋಳು ಬಿಚ್ಚಿದೆ. ಮಿಕ್ಕದ್ದು ಕಪಾಟಿನಲ್ಲಿ ಹಾಗೇ ಇದೆ.