ವಿಮಾನ ಹತ್ತೋ ಮೊದಲು ತೂಕ

ಏನೇ ತಂಗೀ, ಒಂದು ಕಾಗದ ಹಾಕೋಕೆ ನಿನ್ನ ಕೈ ಸವೆದುಹೋಗುತ್ತಾ? ಎಲೆ ಉದುರೋ ಕಾಲ ಬಂತು ಅಂತ ಇಲ್ಲಿನ ವಿಮಾನದ ಕ್ಲಬ್ಬಿನವರು ನಿನ್ನೆ ಊರವರನ್ನೆಲ್ಲ ಕರೆದಿದ್ದರು. ಎರಡೇ ಸೀಟಿನ ಪುಟ್ಟ ವಿಮಾನಗಳು ಎಲ್ಲೆಲ್ಲಿಂದಲೋ ಬಂದು, ಹುಲ್ಲಿನ ಮೇಲೆ ಕೋಳಿಗಳ ಹಾಗೆ ಕುಪ್ಪಳಿಸಿ ಇಳಿದವು. ಮೊಮ್ಮಗಳು ತಾನು ಓಡಿಸೋ ವಿಮಾನದ ಹಿಂದಿನ ಸೀಟು ನನಗೇ ಅಂತ ಇಟ್ಟಿದ್ದಳು. ಹತ್ತೋ ಮೊದಲು, "ಅಜ್ಜೀ, ತೂಕದ ಯಂತ್ರದ ಮೇಲೆ ನಿಲ್ಲು" ಅಂದಳು. ಅಷ್ಟು ಜನರ ಎದುರಿಗೆ! "ನಾನೇನು ಮೂಟೆಯೇನೇ?" ಅಂತ ಬೈದು ಬಂದುಬಿಟ್ಟೆ. ಆಮೇಲೆ ನೋಡಿದರೆ ಎಲ್ಲರನ್ನೂ ತೂಗುತ್ತಿದ್ದರು, ಅವಳೂ ನಿಂತಳು. ಭಾರ ಸರಿಹೊಂದಲಿ ಅಂತ ನನ್ನ ಸೀಟಿಗೆ ಮರಳಿನ ಮೂಟೆ ಕಟ್ಟಿಕೊಂಡು ಹಾರಿದಳು. ಇಳಿದ ಮೇಲೆ ನನ್ನ ಜೊತೆ ಮಾತೇ ಇಲ್ಲ. ನನ್ನ ಮಂಡಿ ನೋವು ಈಗ ಪರವಾಗಿಲ್ಲ. ಆದರೆ ಅವಳೆದುರು ಸೋತೆ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ. ಬರೋ ತಿಂಗಳು ಹುಟ್ಟೋದರೊಳಗೆ ಉತ್ತರ ಬರಿ, ಅವಳಿಗೂ ಒಂದು ಸಾಲು ಹಾಕು: ಅಜ್ಜಿ ತೂಕಕ್ಕೆ ನಿಲ್ತಾಳಂತೆ ಅಂತ.

ನಿನ್ನ ಅಕ್ಕ