ಹಡಗಿಲ್ಲದ ಬಾವುಟ

ಏಡನ್ ಬಂದರು

ಬರ್ಬೆರಾದಲ್ಲಿರುವ ಅಮ್ಮನಿಗೆ,

ಬ್ರಿಟಿಷ್ ಸಾಮ್ರಾಜ್ಯದ ಆಧಾರಸ್ತಂಭವಾದ ನಿನ್ನ ಮಗನ ಸಲಾಮು. ಹಡಗು ಕಂಡಾಗ ನಾನೊಬ್ಬನೇ ಬೆಟ್ಟದ ಮೇಲೆ ಬಾವುಟ ಏರಿಸಬೇಕು. ಆಗಲೇ ಕೆಳಗೆ ಕೂಲಿಗಳು ಓಡಿಬಂದು ಬೊಂಬಾಯಿಯ ಹಡಗಿಗೆ ಕಲ್ಲಿದ್ದಲು ತುಂಬುವುದು. ಹಬ್ಬದ ದಿನ ಒಂದು ಹಡಗೂ ಬರಲಿಲ್ಲ. ಆದರೂ ಬಾವುಟ ಏರಿಸಿದೆ. ಎಲ್ಲರೂ ಊಟ ಬಿಟ್ಟು ಓಡಿಬಂದರು.

ಮೇಸ್ತ್ರಿ ವರ್ಸಾಮೆ ಮಾವ ಏದುಸಿರು ಬಿಡುತ್ತ ಬೆಟ್ಟ ಹತ್ತಿದರು. "ಏ ಕತ್ತೆ, ಹಡಗೆಲ್ಲೋ?"

"ಇಲ್ಲ ಮಾವ. ಹಬ್ಬ ಅಲ್ವಾ, ನಿಮ್ಮನ್ನೆಲ್ಲ ನೋಡೋಣ ಅನ್ನಿಸ್ತು."

ಬಂದರಿನ ಸಾಹೇಬರು ಬಾವುಟ ಕಿತ್ತುಕೊಂಡರು. ನಾಳೆಯಿಂದ ನಾನೂ ಕಲ್ಲಿದ್ದಲು ಹೊರಬೇಕು. ನೀನು ಊರಿಗೆಲ್ಲ ಹೇಳಿಕೊಂಡ ಕೆಲಸ ಹೋಯಿತೆಂದು ಅಳಬೇಡ. ಹಳೆಯ ಬಟ್ಟೆ ಕಳಿಸು. ಕೆಳಗೆ ಒಂದೊಂದು ಚೀಲವನ್ನೂ ಇಬ್ಬರು ಸೇರಿ ಎತ್ತುತ್ತಾರಂತೆ.

ನಿನ್ನ ಪದಚ್ಯುತ ಮಗ,
ಲಿಬಾನ್